ಚಾಚಾರ ಹಗುರ ಬಂದೂಕು

ಕಳೆದ ಶನಿವಾರ ಮಗಳನ್ನು ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನ ಉಗುರಿನ ಸಲೂನಿಗೆ ಕರೆದುಕೊಂಡು ಹೋಗಿದ್ದೆ. ಅವಳ ಹಳೆಯ ಬಣ್ಣ ಒರೆಸಲು ಅಂಗಡಿಯಾಕೆ ಒಂದು ಬಾಟಲಿಯ ಮುಚ್ಚಳ ತೆಗೆದಳು. ಕಳಿತು ಕಪ್ಪಿಟ್ಟ ಬಾಳೆಹಣ್ಣಿನ ವಾಸನೆ, ಅದರ ಬೆನ್ನಿಗೆ ಸೀಮೆಎಣ್ಣೆಯಂಥದ್ದೇನೋ... ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆನಂತೆ. "ಅಮ್ಮಾ, ಯು ಓಕೆ?" ಎಂದು ಮಗಳು ಕೇಳಿದಳಂತೆ, ನಾನು ಉತ್ತರ ಕೊಡಲಿಲ್ಲವಂತೆ. ಇದೆಲ್ಲ ಕಾರಿನಲ್ಲಿ ಅವಳು ಹೇಳಿದ್ದು.

ಅದು ನಮ್ಮ ಪಕ್ಕದ ಮನೆಯ ಚಾಚಾರ ಗರಾಜಿನ ವಾಸನೆ. ಬಂದೂಕಿನ ನಳಿಗೆಯೊಳಗಿನ ಕಿಟ್ಟ ತೆಗೆಯುವ ದ್ರಾವಣವೊಂದಿತ್ತು. ಬಟ್ಟೆಯ ತುಂಡಿಗೆ ಅದನ್ನು ಹನಿಸಿ, ಉದ್ದನೆಯ ಕಡ್ಡಿಯಿಂದ ನಳಿಗೆಯ ಈ ಬಾಯಿಂದ ಆ ಬಾಯಿಗೆ ದೂಡುತ್ತಿದ್ದರು. ವಾಸನೆ ನೆನಪನ್ನು ಹೊತ್ತು ತರುತ್ತದೆ ಎಂಬ ಮಾತು ಬರೆಯುವವರಿಗೆ ಬಹಳ ಅನುಕೂಲದ್ದು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ವಾಸನೆ ತಂದದ್ದು ಗರಾಜನ್ನು ಮಾತ್ರ. ಅದರೊಳಗೆ ಮನುಷ್ಯನನ್ನು ನಿಲ್ಲಿಸಿದವಳು ನಾನು. ನಿಲ್ಲಿಸುವಾಗ ಗಡ್ಡವನ್ನು ಇದ್ದದ್ದಕ್ಕಿಂತ ಬೆಳ್ಳಗೆ ಮಾಡಿರಬಹುದು, ದನಿಯನ್ನು ತುಸು ಮೆತ್ತಗೆ ಮಾಡಿರಬಹುದು. ಸತ್ತವರಿಗೆ ನಾವು ಮಾಡುವ ಸಣ್ಣಪುಟ್ಟ ಉಪಚಾರಗಳು ಇವು. ಆದ್ದರಿಂದ ನನಗೆ ಗೊತ್ತಿರುವುದನ್ನೂ, ಗೊತ್ತಿದೆ ಎಂದು ನಾನು ಅಂದುಕೊಂಡಿರುವುದನ್ನೂ ಆದಷ್ಟು ಬೇರೆಬೇರೆ ಇಟ್ಟು ಬರೆಯುತ್ತೇನೆ. ಎಲ್ಲ ಕಡೆ ಅದು ಸಾಧ್ಯವಾಗಲಿಕ್ಕಿಲ್ಲ.

ಗೊತ್ತಿರುವುದು ಇಷ್ಟು. ನಾವು ಆ ಬೀದಿಗೆ ಬಂದ ದಿನ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು, ನಾನೂ ನನ್ನ ಗಂಡನೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದಾಗ ಬೇಲಿಯಾಚೆಯಿಂದ ಒಬ್ಬರು ಇಣುಕಿದರು. ಕನ್ನಡದಲ್ಲಿ ಗಂಡ ಹೆಂಡತಿ ಜಗಳ ಕೇಳಿ ಬಹಳ ವರ್ಷವಾಗಿತ್ತು, ನಿಲ್ಲಿಸಬೇಡಿ ಎಂದರು. ಬಿಜಾಪುರದ ಕಡೆಯವರು. ಸಾಂಟಾ ಕ್ಲಾರಾದ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ನಿರ್ವಾತ ಪಂಪುಗಳ ಎಂಜಿನಿಯರಾಗಿ ದುಡಿದು ನಿವೃತ್ತರಾಗಿದ್ದರು. ಮನೆಯಲ್ಲಿ ಉರ್ದು, ನನ್ನೊಡನೆ ಬಿಜಾಪುರದ ಕನ್ನಡ, ಕಸದ ಲಾರಿಯವನೊಡನೆ ಇಂಗ್ಲಿಷು. ನನ್ನನ್ನು 'ಮೈಸೂರ ಬಾಯಾರು' ಎಂದು ಕರೆಯುತ್ತಿದ್ದರು. ನನ್ನ ಮಗಳು ಅವರನ್ನು ಚಾಚಾ ಎಂದಳು. ಹಾಗಾಗಿ ನಮಗೂ ಚಾಚಾ, ಅವರ ಹೆಂಡತಿ ಚಾಚಿ.

ಬೇಟೆಯ ಹುಚ್ಚು ಅವರಿಗೆ ಅಂಟಿದ್ದು ಇಲ್ಲಿಗೆ ಬಂದ ಮೇಲೆ, ಕಾರ್ಖಾನೆಯ ಯಾರೋ ಸಹೋದ್ಯೋಗಿಯಿಂದ. ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಕಾಡುಹಂದಿಗಳಿಗೆ ಬರವಿಲ್ಲ. ದನ ಸಾಕುವ ಜಮೀನುದಾರರು ಬಂದು ಹೊಡೆದುಕೊಂಡು ಹೋಗಿ ಎಂದು ಕರೆಯುತ್ತಿದ್ದರು. "ನನ್ನ ನಸೀಬ ನೋಡ್ರಿ ಬಾಯಾರ," ಎನ್ನುತ್ತಿದ್ದರು. "ಸಿಗೋದು ತಿನ್ನಾಕ ಬರಂಗಿಲ್ಲ, ತಿನ್ನಾಕ ಬರೋದು ಸಿಗಂಗಿಲ್ಲ." ಹಾಗಾಗಿ ಜಿಂಕೆಗಾಗಿ ವರ್ಷಕ್ಕೊಮ್ಮೆ ಸಿಯೆರಾ ಬೆಟ್ಟಸಾಲಿನ ಪೂರ್ವದ ಮಗ್ಗುಲಿಗೆ ಹೋಗುತ್ತಿದ್ದರು. ಕಾರು ಬಿಟ್ಟು, ಗುಡಾರ ಅಕ್ಕಿ ನೀರು ಬಂದೂಕು ಎಲ್ಲವನ್ನೂ ಬೆನ್ನಿಗೇರಿಸಿ, ರಸ್ತೆಯ ಸದ್ದು ಕೇಳದಷ್ಟು ಒಳಗೆ ನಡೆದು, ಅಲ್ಲೇ ಕೆಲವು ದಿನ ಉಳಿದು ಬರುವ ಬೇಟೆ ಅದು.

ಅವರಿಗೊಂದು ನೇಮವಿತ್ತು. ಬಂದೂಕಿನ ಕುದುರೆ ಒತ್ತುವಾಗ ದೇವರ ಹೆಸರು ಹೇಳಬೇಕು. ಅಷ್ಟೇ ಸಾಲದು, ಬಿದ್ದ ಪ್ರಾಣಿಯಲ್ಲಿ ಉಸಿರಿರುವಾಗಲೇ ಅದರ ಪಕ್ಕ ಹೋಗಿ ಕೂತು, ಮತ್ತೊಮ್ಮೆ ಹೆಸರು ಹೇಳಿ, ಚಾಕುವಿನಿಂದ ಕೊರಳು ಕೊಯ್ಯಬೇಕು. ಹೋಗುವಷ್ಟರಲ್ಲಿ ಜೀವ ಹೋಗಿದ್ದರೆ ಆ ಮಾಂಸ ಅವರು ಮುಟ್ಟುತ್ತಿರಲಿಲ್ಲ. ಹೊತ್ತು ತಂದು, ಎದುರು ಮನೆಯ ಅಮೆರಿಕನ್ ಮುದುಕನಿಗೆ ಕೊಟ್ಟುಬಿಡುತ್ತಿದ್ದರು. ಇದರ ಬಗ್ಗೆ ಬೇರೆಬೇರೆ ಅಭಿಪ್ರಾಯಗಳಿವೆ, ಕುದುರೆ ಒತ್ತುವಾಗ ಹೆಸರು ಹೇಳಿದರೆ ಸಾಕು ಎನ್ನುವ ವಿದ್ವಾಂಸರೂ ಇದ್ದಾರೆ ಎಂದು ಮಸೀದಿಯ ಇಮಾಮರೇ ಹೇಳಿದ್ದರಂತೆ. ಅದನ್ನು ನನಗೆ ಹೇಳಿದವರೂ ಚಾಚಾರೇ. ಉಳಿದವರು ತಿನ್ನಲಿ, ತಪ್ಪು ಅನ್ನುವುದಿಲ್ಲ, ತನಗೆ ಮಾತ್ರ ಒಲ್ಲದು ಎಂದಿದ್ದರು. ಹೀಗಾಗಿ ಅವರ ಬೇಟೆಯೆಂದರೆ ಹೆಚ್ಚಾಗಿ ತೆವಳುವುದೇ ಆಗಿತ್ತು. ಗಾಳಿಗೆ ಎದುರಾಗಿ, ಕಲ್ಲಿನ ಮರೆಯಲ್ಲಿ, ಓಡಿದರೆ ಮುಟ್ಟಬಹುದಾದಷ್ಟು ಹತ್ತಿರಕ್ಕೆ. ಬಹಳ ವರ್ಷ ಬರಿಗೈಯಲ್ಲಿ ಬಂದರು. ಅದರ ಬಗ್ಗೆ ಅವರಿಗೆ ಬೇಸರವಿದ್ದಂತೆ ಕಾಣಲಿಲ್ಲ... ನನಗೆ ಕಾಣಲಿಲ್ಲ, ಎಂದು ಹೇಳುವುದು ಹೆಚ್ಚು ಸರಿ.

ಆಮೇಲೆ ಅವರ ಹೃದಯದ ನಾಳದಲ್ಲಿ ಸ್ಟೆಂಟ್ ಹಾಕಿದರು. ಅದೇ ವರ್ಷ, ಬಹುಕಾಲದಿಂದ ಅರ್ಜಿ ಹಾಕುತ್ತಿದ್ದ ಒಂದು ಬೆಟ್ಟಪ್ರದೇಶದ ಬೇಟೆಯ ಪರವಾನಗಿ ಲಾಟರಿಯಲ್ಲಿ ಅವರಿಗೆ ಬಂತು. ಮತ್ತೊಮ್ಮೆ ಬರುವಷ್ಟು ಆಯಸ್ಸು ತನಗಿಲ್ಲ ಎಂದು ಅವರು ನಗುತ್ತಲೇ ಹೇಳಿದರು. ಚಾಚಿ ನಗಲಿಲ್ಲ. ಅವರ ಒಬ್ಬಳೇ ಮಗಳು ಸ್ಯಾನ್ ಹೋಸೆಯಲ್ಲಿ ಡಾಕ್ಟರು, ಕಿಡ್ನಿಯ ಡಾಕ್ಟರು. ಅವಳು ಮೊದಲು ಆಗದು ಎಂದಳು, ಆಮೇಲೆ ಷರತ್ತು ಹಾಕಿದಳು: ತಾನೂ ಬರುತ್ತೇನೆ, ಭಾರದ್ದೆಲ್ಲ ತಾನು ಹೊರುತ್ತೇನೆ, ಅಬ್ಬಾನ ಬೆನ್ನ ಮೇಲೆ ಒಂದು ಸಣ್ಣ ಚೀಲ ಮತ್ತು ಬಂದೂಕು ಮಾತ್ರ. ಅವರ ಹಳೆಯ ಬಂದೂಕು ಅಕ್ರೋಟ್ ಮರದ ಹಿಡಿಯದು, ದಪ್ಪ ನಳಿಗೆಯದು, ಎರಡು ಕೈಯಲ್ಲಿ ಎತ್ತಿಕೊಂಡರೆ ಮಗು ಎತ್ತಿಕೊಂಡಂತೆ ಇತ್ತು. ಅದನ್ನು ನೋಡಿ ಮಗಳು ತಲೆಯಾಡಿಸಿದಳು.

ಹಗುರ ಬಂದೂಕಿನ ಹುಡುಕಾಟ ಶುರುವಾದದ್ದು ಹೀಗೆ, ಮತ್ತು ನಾನು ಅದರೊಳಕ್ಕೆ ಬಂದದ್ದೂ ಹೀಗೆಯೇ. ನನ್ನ ಕೆಲಸ ಮಸೂರಗಳನ್ನು ಪರೀಕ್ಷಿಸುವುದು. ಚಾಚಾರ ಬಾಯಲ್ಲಿ ನಾನು 'ಕಾಜಿನ ಡಾಕ್ಟರು'. ಗಾಜಿಗೆ ಅವರು ಕಾಜು ಎನ್ನುತ್ತಿದ್ದರು. ಬಂದೂಕನ್ನು ಅವರು ನೋಡಿಕೊಳ್ಳುವುದು, ಅದರ ಮೇಲಿನ ದುರ್ಬೀನು, ಅಂದರೆ ಸ್ಕೋಪು, ನನ್ನ ಪಾಲಿಗೆ ಎಂದು ಗೊತ್ತುಮಾಡಿದರು. ನಾನು ಹುಟ್ಟಾ ಸಸ್ಯಾಹಾರಿ. ಆದರೂ ಯಾಕೆ ಒಪ್ಪಿದೆ ಎಂದು ಯಾರಾದರೂ ಕೇಳಿದರೆ, ಒಳ್ಳೆಯ ಗಾಜು ನೋಡುವ ಆಸೆಗೆ ಎನ್ನುತ್ತೇನೆ. ಅದು ನಿಜವೂ ಹೌದು.

ನನ್ನ ಅಡುಗೆಮನೆಯಲ್ಲಿ ಹಿಟ್ಟು ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇತ್ತು. ಚಾಚಾ ಒಂದೊಂದೇ ವಸ್ತು ತಂದು ಅದರ ಮೇಲಿಡತೊಡಗಿದರು. ಸ್ಕೋಪಿನ ಉಂಗುರ, ಮಡಚುವ ಚಮಚ, ಹಿಡಿ ಕತ್ತರಿಸಿದ ಹಲ್ಲುಜ್ಜುವ ಬ್ರಷ್ಷು. ಪ್ರತಿ ಸಲ ತಕ್ಕಡಿಯ ಮೇಲೆ ಒಂದು ಕಾಗದ ಹಾಸಿ ಇಡುತ್ತಿದ್ದರು. ಅದು ಬರೀ ಅಲ್ಯೂಮಿನಿಯಮ್ಮು ಗಾಜು, ಕಾಗದ ಯಾಕೆ ಎಂದೆ. "ಇವತ್ತ ಕಾಜು, ನಾಳೆ ಖಂಡ," ಎಂದರು. "ಇದರ ಚಟ ಹೆಂಗ ಬೆಳೀತದ ಯಾರಿಗ್ಗೊತ್ತು. ನಿಮ್ಮ ಇಡ್ಲಿ ನನ್ನ ಮ್ಯಾಲ ಸಿಟ್ಟಾಗಬಾರ್ದು." ನನ್ನ ಗಂಡ ಒಳಗಿನ ಕೋಣೆಯಿಂದ ಮೀಟಿಂಗಿನ ನಡುವೆಯೇ ನಕ್ಕದ್ದು ಕೇಳಿಸಿತ್ತು.

ಬಂದೂಕಿನ ವಿಷಯದಲ್ಲಿ ಹಗುರ ಅನ್ನುವುದು ಒಂದೇ ಮಾತಲ್ಲ ಎಂದು ಆಗ ತಿಳಿಯಿತು. ಒಂದನ್ನು ಎಳೆದರೆ ಇನ್ನೊಂದು ಜಾರುತ್ತಿತ್ತು. ನಳಿಗೆ ತೆಳ್ಳಗಿದ್ದರೆ ಹಗುರ, ಆದರೆ ಎರಡು ಗುಂಡಿಗೇ ಬಿಸಿಯಾಗಿ ಗುರಿ ಅಲೆಯುತ್ತದೆ. ಹಾಗಾಗಬಾರದೆಂದು ತೆಳ್ಳನೆ ಉಕ್ಕಿನ ಮೇಲೆ ಕಾರ್ಬನ್ ನಾರು ಸುತ್ತುತ್ತಾರೆ. ನಳಿಗೆ ಗಿಡ್ಡವಾದರೆ ಇನ್ನೂ ಹಗುರ, ಆದರೆ ಗುಂಡಿನ ವೇಗ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧ. ಬಿಟ್ಟುಹೋದ ಮಾಂಸ ತಿಂದ ರಣಹದ್ದುಗಳು ಸಾಯುತ್ತವೆಂದು. ಹಾಗಾಗಿ ತಾಮ್ರದ್ದು. ತಾಮ್ರದ ಗುಂಡು ಪ್ರಾಣಿಯ ಮೈಯೊಳಗೆ ಹೊಕ್ಕು ಹೂವಿನಂತೆ ಅರಳಬೇಕಾದರೆ ವೇಗ ಬೇಕು. ದೂರ ಹೋದಷ್ಟೂ ವೇಗ ಸೋರುತ್ತದೆ, ಅರಳದ ಗುಂಡು ಸೂಜಿಯಂತೆ ಆಚೆ ಹೊರಟುಹೋಗುತ್ತದೆ. ಇನ್ನು ಬಂದೂಕು ಹಗುರವಾದಷ್ಟೂ ಹೆಗಲಿಗೆ ಒದೆ ಜಾಸ್ತಿ; ಸ್ಟೆಂಟ್ ಹಾಕಿಸಿಕೊಂಡವರ ಹೆಗಲು ಬೇರೆ. ಇದೆಲ್ಲವನ್ನೂ ಅವರು ನನಗೆ ಹೇಳುವಾಗ ಪಂಪಿನ ಎಂಜಿನಿಯರು ಮತ್ತೆ ಕೆಲಸಕ್ಕೆ ಹಾಜರಾದಂತೆ ಇರುತ್ತಿದ್ದರು. ಕೊನೆಗೆ ಆರಿಸಿದ್ದು ಕಾರ್ಬನ್ ಸುತ್ತಿದ ಮಧ್ಯಮ ಉದ್ದದ ನಳಿಗೆಯ ಬಂದೂಕನ್ನು. ಅಂಗಡಿಯವನು ಇದರಿಂದ ಅರ್ಧ ಮೈಲಿ ಆಚೆಯ ತಟ್ಟೆಗೂ ಹೊಡೆಯಬಹುದು ಎಂದನಂತೆ.

ಸ್ಕೋಪುಗಳನ್ನು ನೋಡಿದ್ದು ನಮ್ಮ ಹಿತ್ತಲಲ್ಲಿ. ಅವರ ಮನೆಯ ಮುಂದಿನಿಂದ ಪೂರ್ವದ ಗುಡ್ಡ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಅಲ್ಲಿ ಬೇಡ ಎಂದರು. "ನನ್ನ ಗಡ್ಡ, ಕೈಯಾಗ ಈ ಕೊಳವಿ. ಯಾರರ ಪೊಲೀಸರಿಗೆ ಫೋನ್ ಮಾಡಿದ್ರ ನೀವ ಬಂದು ಬಿಡಿಸ್ತೀರೇನು?" ನಗೆಯಾಡಿದ್ದು ಎಂದು ನಾನು ಅಂದುಕೊಂಡೆ. ನನ್ನ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಬರಿಯ ಸ್ಕೋಪನ್ನು ಕೂರಿಸಿ, ಸಂಜೆಯ ಬೆಳಕಿನಲ್ಲಿ ಗುಡ್ಡದ ಮೇಲಿನ ದನಗಳನ್ನು ನೋಡಿದೆವು. ಅವರಿಗೆ ಮುಂದಿನ ಗಾಜು ದೊಡ್ಡದಿರುವ ಭಾರಿ ಸ್ಕೋಪಿನ ಮೇಲೆ ಕಣ್ಣಿತ್ತು, ಮುಸ್ಸಂಜೆಯಲ್ಲಿ ಅದು ಹೆಚ್ಚು ಬೆಳಕು ಹಿಡಿಯುತ್ತದೆಂದು. ಹಿಡಿಯುತ್ತದೆ, ಆದರೆ ವಯಸ್ಸಾದ ಕಣ್ಣಿನ ಪಾಪೆ ಅಷ್ಟು ಅಗಲ ತೆರೆಯುವುದಿಲ್ಲ, ಹೆಚ್ಚಿನ ಬೆಳಕು ಕಣ್ಣೊಳಗೆ ಹೋಗದೆ ರೆಪ್ಪೆಯ ಮೇಲೆ ಬೀಳುತ್ತದೆ, ಸುಮ್ಮನೆ ಭಾರ ಹೊತ್ತಂತೆ ಎಂದು ನಾನು ಹೇಳಿದೆ. ಅವರು ತನ್ನ ಕಣ್ಣನ್ನು ಇಷ್ಟು ಮರ್ಯಾದೆಯಿಂದ ಯಾರೂ ಮುದಿ ಅಂದಿರಲಿಲ್ಲ ಎಂದರು. ನಾವು ಆರಿಸಿದ್ದು ಮಧ್ಯಮ ಗಾತ್ರದ್ದು, ಹಗುರದ್ದು, ಆದರೆ ಗಾಜು ಮಾತ್ರ ಅತ್ಯುತ್ತಮ. ಅದರಲ್ಲಿ ಗುಡ್ಡದ ಮೇಲಿನ ಹಸುವಿನ ಕಿವಿಯ ಬಿಲ್ಲೆ, ಅದರ ಮೂಗಿನ ಮೇಲೆ ಕೂತ ನೊಣಗಳ ಕಪ್ಪು... ನೊಣಗಳು ನಿಜವಾಗಿ ಕಂಡವೋ ಇಲ್ಲವೋ. ಬರೆಯುತ್ತಿರುವಾಗ ಕಾಣುತ್ತಿವೆ.

ತೂಕ ಇನ್ನೂ ಇಳಿಸಬೇಕೆಂದು ಬೈನಾಕ್ಯುಲರ್ ಇಬ್ಬರಿಗೂ ಸೇರಿ ಒಂದೇ ಸಾಕು, ಅದು ಮಗಳ ಕೊರಳಿಗೆ ಎಂದು ತೀರ್ಮಾನವಾಯಿತು. ಒಮ್ಮೆ ನಾನು ಕೇಳಿದೆ: ಇಷ್ಟು ದೂರ ಹೊಡೆಯುವ ಬಂದೂಕು ಯಾಕೆ ಚಾಚಾ, ನೀವು ಹತ್ತಿರ ಹೋಗಿಯೇ ಹೊಡೆಯುವವರು? ಅವರ ಉತ್ತರ ನನಗೆ ಅಕ್ಷರಶಃ ನೆನಪಿದೆ.

"ದೂರ ಹೊಡೀಲಿಕ್ಕಲ್ರೀ. ಹಗುರ ಐತಂತ ತಗೊಂಡೀನಿ."

ಈಗಿನ ಬಂದೂಕುಗಳಲ್ಲಿ ಆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಒಂದನ್ನು ಮನೆಗೆ ತಂದು ಇನ್ನೊಂದನ್ನು ಅಂಗಡಿಯಲ್ಲೇ ಬಿಟ್ಟು ಬರಲಾಗುವುದಿಲ್ಲ.

ತಂದೆ ಮಗಳು ಬೆಟ್ಟಕ್ಕೆ ಹೋಗಿ ಬಂದದ್ದು ಅಕ್ಟೋಬರಿನಲ್ಲಿ. ನಾನು ಅಲ್ಲಿರಲಿಲ್ಲ. ಅಲ್ಲಿ ನಡೆದದ್ದನ್ನು ನಾನು ಎರಡು ಬಾರಿ ಕೇಳಿದ್ದೇನೆ, ಇಬ್ಬರಿಂದ.

ಮೊದಲನೆಯದು ಮಗಳು ಹೇಳಿದ್ದು, ಅವರ ಮನೆಯ ಊಟದ ಮೇಜಿನಲ್ಲಿ. ನನಗೆ ಚಾಚಿ ಬೇರೆ ಪಾತ್ರೆಯಲ್ಲಿ ಎಣ್ಣೆಗಾಯಿ ಬದನೆ ಮಾಡಿ, ಜೋಳದ ರೊಟ್ಟಿ ಬಡಿದಿದ್ದರು. ಉಳಿದವರಿಗೆ ಜಿಂಕೆಯ ಮಾಂಸ. ಮಗಳು ಇಂಗ್ಲಿಷು ಕನ್ನಡ ಬೆರೆಸಿ ಬಹಳ ಉತ್ಸಾಹದಿಂದ ಹೇಳಿದಳು. ದಿನಗಟ್ಟಲೆ ಏನೂ ಸಿಗಲಿಲ್ಲ; ಕೊನೆಯ ಸಂಜೆ ಸೂರ್ಯ ಬೆಟ್ಟದ ಹಿಂದೆ ಇಳಿದ ಮೇಲೆ ಕೊಳ್ಳದ ಆಚೆಯ ಇಳಿಜಾರಿಗೆ ಒಂದು ಗಂಡು ಜಿಂಕೆ ಬಂತು. ನಾನೂರು ಗಜಕ್ಕೂ ಮೀರಿದ ದೂರ. ಹತ್ತಿರ ಹೋಗಲು ಬೆಳಕು ಉಳಿದಿರಲಿಲ್ಲ, ಅಬ್ಬಾನ ಎದೆಯಲ್ಲಿ ದಮ್ಮು ಉಳಿದಿರಲಿಲ್ಲ. ಚಾಚಾ ಚೀಲದ ಮೇಲೆ ಬಂದೂಕು ಊರಿ ಮಲಗಿ, ಹೆಸರು ಹೇಳಿ ಹೊಡೆದರು. ಜಿಂಕೆಯ ಹಿಂದಿನ ಕಾಲು ಕುಸಿದು ಅದು ಕೂತಿತು. ಇವಳು ಚಾಕು ತೆಗೆದುಕೊಂಡು ಕೊಳ್ಳ ಇಳಿದಳು, ತೊರೆ ದಾಟಿದಳು, ಆಚೆ ಹತ್ತಿದಳು. "ಇನ್ನೂ ಉಸಿರಿತ್ತು ಆಂಟಿ. ಅಬ್ಬಾ ಹೇಳಿಕೊಟ್ಟ ಹಾಗೇ ಮಾಡಿದೆ," ಎಂದಳು. ಚಾಚಿ ದೇವರಿಗೆ ಶುಕ್ರಿಯಾ ಹೇಳಿ ಮಗಳ ತಲೆ ಸವರಿದರು. ಚಾಚಾ ಊಟ ಮಾಡಿದರು.

ಚಾಚಾ ಊಟ ಮಾಡಿದರು ಎಂದಷ್ಟೇ ಬರೆದು ನಿಲ್ಲಿಸಬೇಕು. ಈಗ ನೆನೆದಾಗ ಅವರು ತಟ್ಟೆಯನ್ನು ದಿಟ್ಟಿಸುತ್ತಿರುವುದು ಕಾಣುತ್ತದೆ, ಮೊದಲ ತುತ್ತಿಗೆ ಮುನ್ನ ಕೈ ತಡೆದದ್ದು ಕಾಣುತ್ತದೆ. ಆದರೆ ಅದೆಲ್ಲ ಆಮೇಲೆ ಸೇರಿಕೊಂಡದ್ದು. ಆ ದಿನ ಅವರ ಕೈಯನ್ನು ನೋಡುತ್ತ ಕೂರಲು ನನಗೆ ಕಾರಣವೇ ಇರಲಿಲ್ಲ. ನಾನು ಬದನೆಯ ತೊಟ್ಟು ಚೀಪುತ್ತಿದ್ದೆ.

ಎರಡನೆಯದು ಚಾಚಾ ಹೇಳಿದ್ದು. ಕೆಲವು ವಾರದ ಮೇಲೆ, ಹಿತ್ತಲ ಬೇಲಿಯ ಹತ್ತಿರ. ನಾನು ಗಿಡಗಳಿಗೆ ನೀರು ಹಾಕುತ್ತಿದ್ದೆ. ಸ್ಕೋಪು ಹೇಗಿತ್ತು, ಆ ಬೆಳಕಿನಲ್ಲಿ ಸಾಲಿತೇ ಎಂದು ಕೇಳಿದೆ. ಕಸುಬಿನವರು ಕೇಳುವ ಪ್ರಶ್ನೆ ಅದು.

"ಕಾಜು ಭಾಳ ಛಲೋ ಇತ್ರೀ ಬಾಯಾರ," ಎಂದರು. "ಎಲ್ಲಾ ಕಂಡ್ತು."

ಏನೆಲ್ಲ ಕಂಡಿತು ಎಂದು ಆಮೇಲೆ ಹೇಳಿದರು, ನಡುನಡುವೆ ನಿಲ್ಲಿಸಿ. ಗುಂಡು ಅರಳಿರಲಿಲ್ಲ, ಬೆನ್ನಿಗೆ ತಾಗಿ ಆಚೆ ಹೋಗಿತ್ತು. ಜಿಂಕೆ ಮುಂಗಾಲ ಮೇಲೆ ತಲೆಯೆತ್ತಿ ಕೂತಿತ್ತು, ಪಕ್ಕೆಗಳು ಏರಿಳಿಯುವುದು ಕಾಣುತ್ತಿತ್ತು. ಬಂದೂಕಿನಲ್ಲಿ ಇನ್ನೊಂದು ಗುಂಡಿತ್ತು. ಮಗಳು ಆಗಿನ್ನೂ ಇವರ ಕಾಲ ಕೆಳಗೇ ಇಳಿಯುತ್ತಿದ್ದಳು, ಗುರಿಯಿಂದ ಬಹಳ ದೂರ. ಹೊಡೆಯಬಹುದಿತ್ತು. ಹೊಡೆದರೆ ಅದರ ನರಳಾಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚಾಕು ಮುಟ್ಟುವ ಮೊದಲೇ ಸತ್ತ ಮಾಂಸವಾಗುತ್ತಿತ್ತು. ಮಗಳ ಕಾಲು ಚುರುಕು, ಮುಟ್ಟುತ್ತಾಳೆ ಎಂದುಕೊಂಡು ಬೆರಳನ್ನು ಕುದುರೆಯಿಂದ ಹೊರಗಿಟ್ಟರು. ಆಮೇಲೆ ಅವಳು ಕೊಳ್ಳದ ತಳದ ಪೊದೆಗಳಲ್ಲಿ ಮರೆಯಾದಳು. ಆಚೆ ಎಲ್ಲಿ ತಲೆಯೆತ್ತುತ್ತಾಳೋ ತಿಳಿಯದು, ಇನ್ನು ಹೊಡೆಯುವ ಹಾಗಿಲ್ಲ. ನೋಡುತ್ತ ಮಲಗುವುದು ಬಿಟ್ಟು ಮಾಡುವಂಥದ್ದು ಏನೂ ಉಳಿಯಲಿಲ್ಲ. ಜಿಂಕೆಯ ತಲೆ ನಿಧಾನವಾಗಿ ಇಳಿಯಿತು. ಪಕ್ಕೆ ಏರುವುದು, ಇಳಿಯುವುದು, ಏರುವುದು... ನಿಂತಿತು. ಅದಾದ ಮೇಲೆ ಮಗಳು ಆಚೆಯ ದಡಕ್ಕೆ ಹತ್ತಿ ಬಂದಳು.

"ಅಕಿ ಬರೂದ್ರಾಗ ಹೋಗಿತ್ರೀ."

ನನಗೆ ಅವರ ಮನೆಯ ಊಟದ ಮೇಜು ನೆನಪಾಯಿತು. ಹಾಗಾದರೆ ತಿಂದದ್ದು ಯಾಕೆ ಎಂದು ನಾನು ಕೇಳಲಿಲ್ಲ, ಆದರೆ ಅವರಿಗೆ ಪ್ರಶ್ನೆ ಗೊತ್ತಾಯಿತು. ಮಗಳು ಕೊಳ್ಳ ಇಳಿದು ಹತ್ತಿ, ಕತ್ತಲಾಗುವ ಹೊತ್ತಿನಲ್ಲಿ ಅಷ್ಟು ಭಾರ ಬೆನ್ನಿಗೇರಿಸಿ ತಂದಿದ್ದಾಳೆ, ಇದು ಹರಾಮು ಎಂದು ಅವಳ ಮುಖಕ್ಕೆ ಹೇಗೆ ಹೇಳಲಿ ಎಂದರು. ಅವಳು ಸುಳ್ಳು ಹೇಳಿದ್ದು ಯಾಕೆಂದು ಅವರಿಗೆ ಗೊತ್ತಿತ್ತು. ಇದು ಅಬ್ಬಾನ ಕೊನೆಯ ಬೇಟೆ ಎಂದು ಅವಳಿಗೂ ಗೊತ್ತಿತ್ತಲ್ಲ. ಅವಳಿಗೆ ಹೇಳಬೇಡಿ ಎಂದು ನನ್ನನ್ನು ಕೇಳಿಕೊಂಡರು. ಆಮೇಲೆ, ಬೇಲಿಯ ಹಲಗೆಯ ಮೇಲೆ ಕೈಯೂರಿ ನಿಂತು, ಬಹುಶಃ ನನಗಲ್ಲ, ಹೇಳಿದರು:

"ತಿಂದದ್ದಕ್ಕ ನಾ ಜವಾಬು ಕೊಡ್ತೀನಿ. ಅದು ಅಲ್ಲಿ ಕುಂತಿತ್ತಲ್ಲ, ಅದಕ್ಕೇನು ಜವಾಬು?"

ಕಾಣದ ಹಾಗಿನ ಒಂದು ಗಾಜನ್ನು ಆರಿಸಿದ್ದರೆ... ಎಂದು ಒಂದು ಕ್ಷಣ ನನಗೆ ಅನ್ನಿಸಿತು. ಕಾಣದಿದ್ದರೆ ಜಿಂಕೆಗೇನೂ ನೋವು ಕಡಿಮೆಯಾಗುತ್ತಿರಲಿಲ್ಲ. ನೋಡುವವರಿಗೆ ಮಾತ್ರ.

ಇಲ್ಲಿಂದ ಕತೆಗಳು ಹುಟ್ಟಿಕೊಂಡವು. ಆ ಬೇಟೆಯಾದ ಮೇಲೆ ಚಾಚಾ ಮಾಂಸವನ್ನೇ ಬಿಟ್ಟರು ಎಂದು ಕನ್ನಡ ಕೂಟದಲ್ಲಿ ಯಾರೋ ನನಗೇ ಹೇಳಿದರು, ತುಂಬ ಮೆಚ್ಚುಗೆಯಿಂದ. ಸುಳ್ಳು. ಈದ್ ಹಬ್ಬದ ದಿನ ಅವರು ಬಿರಿಯಾನಿ ಉಂಡದ್ದನ್ನು ನಾನು ನೋಡಿದ್ದೇನೆ, ಮೂಳೆ ಬಿಡದೆ. ಬಂದೂಕು ಮುಟ್ಟಲಿಲ್ಲ ಎನ್ನುವುದೂ ಸುಳ್ಳು. ಆಗಾಗ ಗರಾಜಿನ ಕಬ್ಬಿಣದ ಪೆಟ್ಟಿಗೆಯಿಂದ ತೆಗೆದು ಒರೆಸುತ್ತಿದ್ದರು. ಬದಲಾದದ್ದು ಒಂದೇ. ಮೊದಲೆಲ್ಲ ಸಂಜೆ ನಮ್ಮ ಹಿತ್ತಲಿಗೆ ಬಂದು ಗುಡ್ಡ ನೋಡುತ್ತ ಹರಟುತ್ತಿದ್ದವರು, ಈಗ ಗುಡ್ಡಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಬಿಸಿಲು ಕಣ್ಣಿಗೆ ಬೀಳುತ್ತದೆ ಎನ್ನುತ್ತಿದ್ದರು. ಸಂಜೆ ಬಿಸಿಲು ಪಶ್ಚಿಮದಲ್ಲಿರುತ್ತದೆ, ಗುಡ್ಡ ಪೂರ್ವದಲ್ಲಿ. ಬೆನ್ನು ಮಾಡಿದರೇ ಅದು ಕಣ್ಣಿಗೆ ಬೀಳುವುದು. ನಾನು ತಿದ್ದಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಅವರು ಹೋದರು. ಒಂದು ಸಾಧಾರಣ ಬೆಳಿಗ್ಗೆ, ಚಹಾ ಕಾಯಿಸಲು ನೀರಿಟ್ಟವರು... ಚಾಚಿ ಮಗಳ ಜೊತೆ ಇರಲು ಅವಳ ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿಗೆ ಹೋದರು. ಮನೆ ಮಾರಾಟಕ್ಕೆ ಬಂತು.

ಸಲೂನಿಗೆ ಹೋಗಿ ಬಂದ ಮಾರನೆಯ ದಿನ, ಅಂದರೆ ಭಾನುವಾರ, ಚಾಚಾರ ಮಗಳು ಅವರ ಗರಾಜು ಖಾಲಿ ಮಾಡಲು ಬಂದಿದ್ದಳು. ಮಧ್ಯಾಹ್ನ ನಮ್ಮ ಮನೆಗೆ ಬಂದು ಕಾಫಿ ಕುಡಿದಳು. ಬಂದೂಕನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದೇನೆ, ಮಾರಲು ಮನಸ್ಸಿಲ್ಲ, ಇಟ್ಟುಕೊಳ್ಳಲೂ ಮನಸ್ಸಿಲ್ಲ ಎಂದಳು. ಸ್ವಲ್ಪ ಹೊತ್ತು ಬಟ್ಟಲನ್ನು ತಿರುಗಿಸುತ್ತ ಕೂತಳು.

"ಆಂಟಿ, ಒಂದು ಕೇಳ್ಲಾ? ಬಿ ಆನೆಸ್ಟ್. ಆ ಡಿಯರು ನಾನು ಹೋಗೋಷ್ಟರಲ್ಲಿ ಸತ್ತಿತ್ತು."

ಆಶ್ಚರ್ಯಪಡುವ ನಟನೆ ನನಗೆ ಬರುವುದಿಲ್ಲ. ಅವಳು ನನ್ನ ಮುಖವನ್ನು ನೋಡಿ, ಹೌದೆಂದು ತಲೆದೂಗಿದಳು.

"ಅಬ್ಬಾಗೆ ಗೊತ್ತಿತ್ತು ಅಂತ ನಂಗೂ ಡೌಟಿತ್ತು. ಮಾಂಸ ನೋಡಿದ್ರೇ ಗೊತ್ತಾಗುತ್ತೆ, ರಕ್ತ ಸರಿಯಾಗಿ ಹೋಗಿರಲ್ಲ. ಅದಲ್ಲ ಕೇಳ್ತಿರೋದು." ಬಟ್ಟಲು ತಿರುಗುವುದು ನಿಂತಿತು. "ಅಲ್ಲಿ ಹೋಗಿ ನೋಡಿದೆ, ಸತ್ತಿತ್ತು. ನಾನು ಅದರ ಪಕ್ಕ ಕೂತು ಅವರನ್ನ ಬೈದೆ, ಆಂಟಿ. ತುಂಬಾ. ನಿಮ್ಮ ಈ ರೂಲಿಗೋಸ್ಕರ ಇದು ಇಷ್ಟು ಹೊತ್ತು ಸಾಯ್ತಾ ಇತ್ತು ಅಂತ ಕಿರುಚಿದೆ. ಅಷ್ಟು ದೂರ ಕೇಳಿಸಲ್ಲ ಅಂತ ಗೊತ್ತಿತ್ತು. ಆಮೇಲೆ ಎದ್ದು, ನಗ್ತಾ ಕೈ ಬೀಸಿದೆ. ಆ ಸ್ಕೋಪಲ್ಲಿ ನನ್ನ ಮುಖ ಕಾಣ್ತಿತ್ತಾ?"

ಆ ಗಾಜು ನನಗೆ ಗೊತ್ತು. ಆ ದೂರಕ್ಕೆ, ಆ ಬೆಳಕಿನಲ್ಲಿ, ಮುಖ ಕಾಣುತ್ತದೆ. ಬಾಯಿ ತೆರೆದದ್ದು, ಹುಬ್ಬು ಗಂಟಿಕ್ಕಿದ್ದು, ಕೆನ್ನೆಯ ಮೇಲಿನ ಒದ್ದೆ ಕೂಡ ಕಂಡೀತು. 'ಎಲ್ಲಾ ಕಂಡ್ತು' ಎಂದಿದ್ದರು ಚಾಚಾ. ಆ 'ಎಲ್ಲಾ' ಎಲ್ಲಿಯವರೆಗೆ ಹೋಗುತ್ತಿತ್ತೆಂದು ನಾನು ಕೇಳಿರಲಿಲ್ಲ.

"ಇಲ್ಲ," ಎಂದೆ. "ಸ್ಕೋಪು ಬಂದೂಕಿನ ಮೇಲೆ ತಾನೇ ಇರೋದು? ಅದರಲ್ಲಿ ನಿನ್ನನ್ನ ನೋಡಬೇಕಾದರೆ ಬಂದೂಕು ನಿನ್ನ ಕಡೆ ತಿರುಗಿಸಬೇಕು. ನೀನು ಪೊದೆಯಿಂದ ಮೇಲೆ ಬಂದದ್ದು ಕಂಡ ಕೂಡಲೇ ಗುಂಡು ತೆಗೆದು ಬಂದೂಕು ಮಗ್ಗುಲಿಗೆ ಇಟ್ಟುಬಿಟ್ಟರಂತೆ. ಆಮೇಲೆ ಬರಿಗಣ್ಣಲ್ಲಿ ನೋಡಿದ್ದು. ಕೈ ಬೀಸಿದ್ದಷ್ಟೇ ಕಂಡಿದ್ದು."

"ಅವರೇ ಹೇಳಿದ್ರಾ?"

"ಅವರೇ ಹೇಳಿದ್ರು."

ಅವಳು ಬಹಳ ಹೊತ್ತು ಅತ್ತಳು. ಅಷ್ಟು ಹಗುರಾಗಿ ಅತ್ತದ್ದನ್ನು ನೋಡಿ ನಾನೂ ಸುಮ್ಮನೆ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಸಂಜೆಯ ಮುಂಚೆ, ಫ್ರೀವೇ ತುಂಬುವ ಮೊದಲು, ಹೊರಟುಹೋದಳು.

ಆಗಿನಿಂದ ನಾನು ಬೇಲಿಯ ಪಕ್ಕದ ಆ ಮಾತುಕತೆಯನ್ನು ಮತ್ತೆ ಮತ್ತೆ ಮೊದಲಿನಿಂದ ಕೇಳಿಸಿಕೊಳ್ಳುತ್ತಿದ್ದೇನೆ. ನೀರಿನ ಪೈಪು, ಹಲಗೆಯ ಮೇಲಿನ ಕೈ, 'ಅಕಿ ಬರೂದ್ರಾಗ ಹೋಗಿತ್ರೀ'. ಅದಾದ ಮೇಲೆ ಬಂದೂಕು ಮಗ್ಗುಲಿಗಿಟ್ಟೆ ಎಂದು ಅವರು ಹೇಳಿದಂತೆ ಒಮ್ಮೆ ಕೇಳಿಸುತ್ತದೆ, ಬಿಜಾಪುರದ ದನಿಯಲ್ಲೇ. ಇನ್ನೊಮ್ಮೆ ಆ ಜಾಗದಲ್ಲಿ ನೀರಿನ ಸದ್ದು ಮಾತ್ರ ಇರುತ್ತದೆ. ಮಗಳತ್ತ ಬಂದೂಕು ತಿರುಗಿಸುವ ಮನುಷ್ಯ ಅವರಲ್ಲ ಎಂಬುದು ನನಗೆ ಗೊತ್ತು. ಹೇಳಿದರೋ ಇಲ್ಲವೋ ಎಂಬುದು ಗೊತ್ತಿಲ್ಲ. ಹೇಳಬಲ್ಲವರು ಒಬ್ಬರೇ ಇದ್ದರು. ಪಕ್ಕದ ಮನೆಯ ಮುಂದೆ ಮಾರಾಟದ ಹಲಗೆ ನಿಂತಿದೆ, ಕಿಟಕಿಗಳಿಗೆ ಪರದೆಯಿಲ್ಲ.